ಸಿಪ್ಪೆಯ ಕೈಗಡ

ಹೋದ ಬೇಸಿಗೆಯಲ್ಲಿ ನಾನೊಂದು ಎಡವಟ್ಟು ಮಾಡಿಕೊಂಡೆ. ಮೊಮ್ಮಗಳು ರಜೆಗೆ ಮೈಸೂರಿಗೆ ಬಂದಿದ್ದಳು. ರಸಪುರಿ, ಬಾದಾಮಿ ಎಂದು ದಿನವೂ ಮನೆಯಲ್ಲಿ ಮಾವಿನಹಣ್ಣು. ಅಷ್ಟೊಂದು ಸಿಪ್ಪೆಯನ್ನು ಕಸದ ಗಾಡಿಗೆ ಸುರಿಯಲು ಮನಸ್ಸು ಬರಲಿಲ್ಲ. ತಾರಸಿಯ ಮಲ್ಲಿಗೆ ಕುಂಡದ ಮಣ್ಣು ಅಗೆದು, ಸಿಪ್ಪೆ ತುಂಬಿ, ಚೆನ್ನಾಗಿ ಒತ್ತಿ, ಮಣ್ಣು ಮುಚ್ಚಿ ನೀರು ಹಾಕಿದೆ. ಠೇವಣಿ ಇಟ್ಟು ರಸೀದಿ ಪಡೆದಷ್ಟು ನೆಮ್ಮದಿ!

ಅದು ನನ್ನಾಕೆ ತವರಿನಿಂದ ಕಡ್ಡಿ ತಂದು ಬೆಳೆಸಿದ ಗಿಡ. ಅವಳ ಅಮ್ಮ ನೆಟ್ಟ ಬಳ್ಳಿಯದು. ಈಗ ಆ ಬಳ್ಳಿಯೂ ಇಲ್ಲ, ಆ ಮನೆಯೂ ಇಲ್ಲ. ಎರಡು ವಾರದಲ್ಲಿ ಎಲೆ ಹಳದಿಯಾಯಿತು, ಮೊಗ್ಗು ಉದುರಿತು, ಕುಂಡದ ಸುತ್ತ ಗುಂಗುರು ಮುತ್ತಿತು.

“ಏನ್ರೀ, ಗಿಡಕ್ಕೆ ಏನು ಮಾಡಿದ್ರಿ?”

ನಾನು ಉತ್ತರ ಕೊಡಲಿಲ್ಲ. ಅಗೆದರೆ ಹುಳಿ ವಾಸನೆ ಮೂಗಿಗೆ ಹೊಡೆಯಿತು.

“ತಾತ, ಗೊಬ್ಬರ ಹಾಕಿದ್ರೆ ಗಿಡ ಯಾಕೆ ಬಾಡತ್ತೆ?” ಎಂದಳು ಮೊಮ್ಮಗಳು. ಓದಿ, ಕೇಳಿ ತಿಳಿದುಕೊಂಡೆ. ಗಿಡ ಸಿಪ್ಪೆಯನ್ನು ತಿನ್ನುವುದಿಲ್ಲ. ಮೊದಲು ಮಣ್ಣಿನ ಸೂಕ್ಷ್ಮಜೀವಿಗಳು ತಿನ್ನಬೇಕು. ಅವಕ್ಕೆ ಗಾಳಿ ಬೇಕು. ನಾನು ಒತ್ತಿ ತುಂಬಿದ ಒದ್ದೆ ಸಿಪ್ಪೆಯಲ್ಲಿ ಗಾಳಿಯೇ ಇರಲಿಲ್ಲ. ಗಾಳಿಯಿಲ್ಲದೆ ಬದುಕುವ ಜೀವಿಗಳು ಸೇರಿಕೊಂಡು ಹುಳಿ ಬರಿಸಿದವು. ಆ ಆಮ್ಲ ಬೇರಿಗೆ ತಗುಲಿತು.

ಇನ್ನೊಂದು ಕಾರಣ ನನಗೆ ಬೇಗ ಅರ್ಥವಾಯಿತು, ಮೂವತ್ತೈದು ವರ್ಷ ಸಾಲದ ಲೆಡ್ಜರ್ ಬರೆದವನಲ್ಲವೇ. ಹಣ್ಣಿನ ಸಿಪ್ಪೆಯಲ್ಲಿ ಸಕ್ಕರೆ ಜಾಸ್ತಿ, ಸಾರಜನಕ ಕಮ್ಮಿ. ಸೂಕ್ಷ್ಮಜೀವಿಗಳು ಮೈ ಬೆಳೆಸಿಕೊಳ್ಳಲು ಸಾರಜನಕವನ್ನು ಸುತ್ತಲಿನ ಮಣ್ಣಿನಿಂದ ಕೈಗಡ ಪಡೆಯುತ್ತವೆ. ಅವು ಸತ್ತಾಗ ಅದು ಮಣ್ಣಿಗೆ ವಾಪಸು ಬರುತ್ತದೆ, ನಿಜ. ಅಲ್ಲಿಯವರೆಗೆ ಗಿಡ ಉಪವಾಸ.

ಸಿಪ್ಪೆಯೆಲ್ಲ ತೆಗೆದು ಹೊಸ ಮಣ್ಣು ಹಾಕಿದೆವು. ಒಂದೇ ಒಂದು ಕೊಂಬೆ ಹಸಿರಾಗಿ ಉಳಿಯಿತು.

ಸಾಲದ ವ್ಯವಹಾರ ಗಿಡದಿಂದ ದೂರವೇ ಮುಗಿಯಲಿ ಎಂದು ಹಳೆಯ ಮಡಕೆಯೊಂದಕ್ಕೆ ಸುತ್ತ ತೂತು ಕೊರೆಸಿದೆ. ಒಂದು ಪಾಲು ಸಿಪ್ಪೆಗೆ ಎರಡು ಪಾಲು ಒಣಗಿದ ಹೊಂಗೆ ಎಲೆ, ಸ್ವಲ್ಪ ಕಾಫಿ ಚರಟ, ಒಂದು ಹಿಡಿ ಮಣ್ಣು. ಒಣ ಎಲೆ ಇದ್ದರೆ ನಡುವೆ ಗಾಳಿಯಾಡುತ್ತದೆ. ಹಿಂಡಿದ ಬಟ್ಟೆಯಷ್ಟು ತೇವ ಸಾಕು. ವಾರಕ್ಕೊಮ್ಮೆ ಕೋಲಿನಿಂದ ತಿರುವುವ ಕೆಲಸ ಮೊಮ್ಮಗಳದು. ಕೈಯಿಟ್ಟು, “ಜ್ವರ ಬಂದಿದೆ ತಾತ!” ಎಂದಳು. ಸೂಕ್ಷ್ಮಜೀವಿಗಳು ತಿನ್ನುವಾಗ ಹುಟ್ಟುವ ಬಿಸಿ ಅದು. (ಬೇಡವೆಂದರೂ ಅವಳು ಹಾಕಿದ ಒಂದು ವಾಟೆ ಮೊಳಕೆಯೊಡೆದು ಈಗ ಬೇರೆ ಕುಂಡದಲ್ಲಿದೆ.)

ಮೂರು ತಿಂಗಳ ಮೇಲೆ ಮುಚ್ಚಳ ತೆಗೆದರೆ ಮೊದಲ ಮಳೆಯ ಘಮ! ಆ ಘಮವನ್ನು ಮುಖ್ಯವಾಗಿ ಹೊರಬಿಡುವವು ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳು. 1943ರಲ್ಲಿ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಔಷಧಿ ಸಿಕ್ಕಿದ್ದೂ ಇದೇ ಬಳಗದಿಂದಲೇ. ಕ್ಷಯರೋಗಕ್ಕೆ ಚುಚ್ಚುತ್ತಿದ್ದ ಆ ಇಂಜೆಕ್ಷನ್ ನನ್ನ ವಾರಿಗೆಯವರಿಗೆ ನೆನಪಿದ್ದೀತು. ನಮ್ಮ ಸೋದರಮಾವ ಅದರಿಂದಲೇ ಬದುಕಿದರು.

ಮಲ್ಲಿಗೆಗೆ ಆ ಗೊಬ್ಬರ ಎರಡು ಹಿಡಿ ಹಾಕಿದೆ, ಈ ಸಲ ಕೇಳಿಯೇ. ಈ ಮಾರ್ಚಿನಲ್ಲಿ ಆರು ಮೊಗ್ಗು ಬಿಟ್ಟಿತು. ನನ್ನಾಕೆ ಎಣಿಸಿ, ಫೋನಿನಲ್ಲಿ ಮೊಮ್ಮಗಳಿಗೆ ಹೇಳಿದಳು. ನನಗೆ ಹೇಳಲಿಲ್ಲ. ನಾನು ತಾರಸಿ ಮೆಟ್ಟಿಲು ಹತ್ತುವಾಗ ಕೈಯಲ್ಲಿ ಏನಿದೆ ಎಂದು ಈಗಲೂ ನೋಡುತ್ತಾಳೆ.