‘ಇಲ್ಲದಿದ್ದರೆ ಶುಂಠಿ ಹಾಕಿ’

ಪರದೇಶದ ಅಡುಗೆಯನ್ನು ಮನೆಯಲ್ಲೇ ಮಾಡುವುದನ್ನು ಕಲಿಸುವ ಲೇಖನಗಳು ಈಗ ಹೇರಳವಾಗಿವೆ. ಅವುಗಳಲ್ಲಿ ಒಂದು ವಾಕ್ಯ ಪಲ್ಲವಿಯಂತೆ ಮತ್ತೆ ಮತ್ತೆ ಬರುತ್ತದೆ: ‘ಇಲ್ಲದಿದ್ದರೆ ಶುಂಠಿ ಹಾಕಿ.’ ಥಾಯ್ಲೆಂಡಿನ ‘ಖಾ’ ಗೆಡ್ಡೆಯ ಬದಲು ಶುಂಠಿ; ಅಲ್ಲಿನದೇ ಮಕ್ರೂತ್ ಎಲೆಯ ಬದಲು ನಿಂಬೆಯ ಸಿಪ್ಪೆ; ಇಂಡೊನೇಷ್ಯದ ‘ಕೆಮಿರಿ’ ಬೀಜದ ಬದಲು ಗೋಡಂಬಿ. ಹೀಗೆ ಬದಲಿಸುತ್ತ ಹೋದರೆ ಕೊನೆಗೆ ಪಾತ್ರೆಯಲ್ಲಿ ಉಳಿಯುವುದು ಆ ದೇಶದ ಹೆಸರು ಮಾತ್ರ. ಇದನ್ನು ಜಾಣತನವೆಂದು ಹೊಗಳುವವರಿದ್ದಾರೆ. ನನಗೆ ಇದು ಬರಿಯ ಉದಾಸೀನವಾಗಿ ಕಾಣುತ್ತದೆ.

ಶುಂಠಿ ಆ ಜನರಿಗೆ ಗೊತ್ತಿಲ್ಲದ ವಸ್ತುವೇನೂ ಅಲ್ಲ. ಬ್ಯಾಂಕಾಕಿನ ಖ್ಲೋಂಗ್ ತೋಯ್ ಮಾರುಕಟ್ಟೆಯಲ್ಲಾಗಲಿ, ಸಿಂಗಪುರದ ಟೆಕ್ಕಾ ಮಾರುಕಟ್ಟೆಯಲ್ಲಾಗಲಿ ಎರಡು ಗೆಡ್ಡೆಗಳೂ ದೊರೆಯುತ್ತವೆ. ಥಾಯ್ ಭಾಷೆಯಲ್ಲಿ ಶುಂಠಿ ‘ಖಿಂಗ್’, ಇನ್ನೊಂದು ‘ಖಾ’. ಮಲಯ ಭಾಷೆಯಲ್ಲಿ ಒಂದು ‘ಹಲಿಯ’, ಇನ್ನೊಂದು ‘ಲೆಂಕುವಾಸ್’. ಎರಡನ್ನೂ ಬೆಳೆದು, ಎರಡಕ್ಕೂ ಬೇರೆ ಹೆಸರಿಟ್ಟು ಬಳಸುತ್ತ ಬಂದ ಜನಕ್ಕೆ ‘ಎರಡೂ ಒಂದೇ’ ಎಂದು ನಾವು ಇಲ್ಲಿಂದ ತೀರ್ಪು ಕೊಡುವುದೆ? ಶುಂಠಿಯ ಕಾವಲ್ಲ ಖಾದ ಗುಣ; ಅದರದು ಕರ್ಪೂರವನ್ನು ನೆನಪಿಗೆ ತರುವ ತೀಕ್ಷ್ಣ ಪರಿಮಳ. ‘ತೋಮ್ ಖಾ’ ಎಂಬ ತೆಂಗಿನ ಹಾಲಿನ ಸಾರಿಗೆ ಆ ಹೆಸರು ಬಂದದ್ದೇ ಖಾದಿಂದ. ಅದನ್ನು ತೆಗೆದು ಶುಂಠಿ ಹಾಕುವುದು, ಮೆಣಸಿಲ್ಲದೆ ಮೆಣಸಿನ ಸಾರು ಮಾಡಿದಂತೆ.

ವಿನೋದವೆಂದರೆ, ಈ ‘ಅಪರಿಚಿತ’ ಗೆಡ್ಡೆ ನಮ್ಮ ನಾಟಿ ವೈದ್ಯಕ್ಕೆ ದುಂಪರಾಸ್ಮಿ ಎಂಬ ಹೆಸರಿನಿಂದ ಹಳೆಯ ಪರಿಚಯ. ಮಜ್ಜಿಗೆ ಹುಲ್ಲೂ ಅಷ್ಟೆ. ನಾವು ಅದರ ಗರಿಯನ್ನು ಕಷಾಯಕ್ಕೆ ಹಾಕುತ್ತೇವೆ. ಅವರು ಬುಡದ ಬಿಳಿಯ ದಂಟನ್ನು ಜಜ್ಜಿ ಸಾರಿಗೆ ಹಾಕುತ್ತಾರೆ, ಅರೆದು ಮಸಾಲೆಗೆ ಸೇರಿಸುತ್ತಾರೆ. ಗಿಡ ಒಂದೇ, ಬಳಸುವ ವಿದ್ಯೆ ಬೇರೆ. ನಮಗೆ ಕೊರತೆಯಾಗಿರುವುದು ಪದಾರ್ಥವಲ್ಲ, ಆ ವಿದ್ಯೆ.

ರುಚಿ ಕೆಟ್ಟರೆ ಒಂದು ಹೊತ್ತಿನ ಊಟ ಕೆಟ್ಟೀತು, ಅಷ್ಟೆ ತಾನೆ ಎಂದು ಕೇಳಬಹುದು. ಅಷ್ಟಕ್ಕೇ ಮುಗಿಯುವುದಿಲ್ಲ. ‘ಕೆಮಿರಿಗೆ ಗೋಡಂಬಿ ಆದೀತು’ ಎಂದು ಓದಿದವನು, ಗೋಡಂಬಿಯಂತೆ ಕೆಮಿರಿಯನ್ನೂ ಹಾಗೆಯೇ ಬಾಯಿಗೆ ಹಾಕಿಕೊಂಡರೆ ತಪ್ಪು ಯಾರದು? ಹಸಿಯ ಕೆಮಿರಿ ವಾಂತಿಭೇದಿ ತರುತ್ತದೆ; ಅದನ್ನು ಬೇಯಿಸಿದ ಮೇಲೆಯೇ ತಿನ್ನತಕ್ಕದ್ದು. ಇನ್ನು ‘ಕೆಲುವಾಕ್’ ಎಂಬ ಬೀಜವುಂಟು. ಹಸಿಯಾಗಿದ್ದಾಗ ಅದರಲ್ಲಿ ಸಯನೈಡ್ ವಿಷವಿರುತ್ತದೆ. ಅಲ್ಲಿಯ ಜನ ಅದನ್ನು ಬೇಯಿಸಿ, ಬೂದಿ, ಬಾಳೆಯೆಲೆಗಳ ನಡುವೆ ಸುಮಾರು 40 ದಿನ ಮಣ್ಣಿನಲ್ಲಿ ಹೂತಿಟ್ಟು ವಿಷ ಕಳೆಯುತ್ತಾರೆ. ಅಷ್ಟು ಹೊತ್ತಿಗೆ ತಿರುಳು ಕಪ್ಪಾಗಿರುತ್ತದೆ. ಸಿಂಗಪುರದ ಪೆರಾನಾಕನ್ ಮನೆಗಳಲ್ಲಿ, ಹಾಗೆ ಸಿದ್ಧವಾದ ಬೀಜವನ್ನು ಕೊಂಡು ತಂದ ಮೇಲೂ ಕೆಲವು ದಿನ ನೆನೆಸಿ, ದಿನವೂ ನೀರು ಬದಲಿಸಿ, ಚಿಪ್ಪನ್ನು ಉಜ್ಜಿ ತೊಳೆದ ಬಳಿಕವೇ ಕೋಳಿಯ ಜತೆ ಬೇಯಿಸುವುದು. ಆ 40 ದಿನಗಳ ಬದಲಿಗೆ ಯಾವ ಶುಂಠಿಯನ್ನು ಹಾಕೋಣ?

ಇದು ನಮಗೆ ತಿಳಿಯದ ಮಾತೂ ಅಲ್ಲ. ಮಲೆನಾಡಿನ ಗೃಹಿಣಿ ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸದೆ ಒಲೆಗೇರಿಸುವುದಿಲ್ಲ; ಕೆಸುವಿನ ಎಲೆಯನ್ನು ಹುಳಿಯಿಲ್ಲದೆ ಬೇಯಿಸುವುದಿಲ್ಲ. ಪರಸ್ಥಳದವರೊಬ್ಬರು ಕಳಲೆಯನ್ನು ‘ಮೂಲಂಗಿಯಂತೆಯೇ’ ಎಂದು ಹಸಿಯಾಗಿ ಹೆಚ್ಚಿ ಬಡಿಸಹೊರಟರೆ ನಾವು ಗಾಬರಿಯಿಂದ ತಟ್ಟೆ ಕಿತ್ತುಕೊಳ್ಳುತ್ತೇವೆ. ನಮ್ಮ ಅಜ್ಜಿಯರ ಎಚ್ಚರ ನಮಗೆ ಶಾಸ್ತ್ರ. ಜಾವದ ಅಜ್ಜಿಯ ಎಚ್ಚರವನ್ನು ಮಾತ್ರ ‘ಬದಲಿಗೆ’ ಎಂಬ ಒಂದು ಪದದಿಂದ ತಳ್ಳಿಹಾಕುವುದು ಯಾವ ನ್ಯಾಯ?

ಇದಕ್ಕೆ ಎದುರು ಹೇಳುವವರು ಮೆಣಸಿನಕಾಯಿಯನ್ನು ಸಾಕ್ಷಿಗೆ ಕರೆಯುತ್ತಾರೆ. ಅಮೆರಿಕ ಖಂಡದ ಆ ಕಾಯಿ 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಬಂದು, ಮೆಣಸಿನ ಜಾಗದಲ್ಲಿ ಕುಳಿತು, ಮೆಣಸಿನ ಹೆಸರನ್ನೂ ಹಂಚಿಕೊಂಡಿತು. ಬದಲಿಯಿಂದಲೇ ಅಲ್ಲವೆ ಅಡುಗೆ ಬೆಳೆಯುವುದು? ಒಪ್ಪಿದೆ. ಆದರೆ ನಮ್ಮ ಹಿರಿಯರು ಮೆಣಸಿನಕಾಯಿಯನ್ನು ಕಾಳುಮೆಣಸೆಂದು ಭ್ರಮಿಸಿ ಸುಮ್ಮನಾಗಲಿಲ್ಲ. ಅದನ್ನು ಒಣಗಿಸಿ ನೋಡಿದರು, ಹುರಿದು ನೋಡಿದರು, ಮಜ್ಜಿಗೆಯಲ್ಲಿ ನೆನೆಸಿ ಬಾಳಕ ಮಾಡಿದರು. ಬ್ಯಾಡಗಿಯದು ಬಣ್ಣಕ್ಕೆ, ಗುಂಟೂರಿನದು ಖಾರಕ್ಕೆ ಎಂದು ಬೇರ್ಪಡಿಸಿದರು. ತಲೆಮಾರುಗಳ ಕಾಲ ಅದರ ಗುಣವನ್ನು ಕಲಿತು ತಮ್ಮದಾಗಿಸಿಕೊಂಡರು. ಈಗಿನ ಬದಲಿಗಾರರು ಕಲಿಯುವ ಶ್ರಮವನ್ನೇ ಬಿಟ್ಟು ಫಲವನ್ನು ಮಾತ್ರ ಬೇಡುತ್ತಾರೆ.

ಸಿಂಗಪುರದಲ್ಲೋ ಕ್ವಾಲಾಲಂಪುರದಲ್ಲೋ ಸಂಸಾರ ಹೂಡಿರುವ ಕನ್ನಡಿಗರಿಗೂ, ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಈ ಸಾಮಾನು ಕಂಡು ಕೈಚಾಚುವವರಿಗೂ ನನ್ನ ಬಿನ್ನಹ ಇಷ್ಟೆ. ಒಂದು ಸಲಕ್ಕೆ ಒಂದೇ ಪದಾರ್ಥ ತನ್ನಿ. ಮಾರುವವಳನ್ನು ‘ಇದು ನಮ್ಮಲ್ಲಿಯ ಯಾವುದರಂತೆ?’ ಎಂದು ಕೇಳಬೇಡಿ. ‘ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಬೇಯಿಸುತ್ತೀರಿ?’ ಎಂದು ಕೇಳಿ. ಕೇಳಲು ಅಂಥವರಿಲ್ಲದ ಕಡೆ, ಆ ನಾಡಿನವರೇ ಬರೆದ ಪಾಕಪುಸ್ತಕವನ್ನು ನೋಡಿ. ಮೊದಲು ಅವರ ಅಡುಗೆಯನ್ನು ಅವರಂತೆಯೇ ಮಾಡಿ; ಆಮೇಲೆ ಬೇಕಾದರೆ ನಿಮ್ಮ ಹುಳಿಗೂ ಹಾಕಿ ನೋಡಿ. ಪದಾರ್ಥವೇ ಸಿಕ್ಕದಿದ್ದರೆ ಆ ಅಡುಗೆಯ ಆಸೆಯನ್ನು ಬಿಡಿ. ಅಂದು ಮೆಣಸಿನ ಸಾರು ಮಾಡಿ ಉಂಡರೆ ಯಾರ ಮಾನವೂ ಹೋಗದು.