ಮೇಕೆ ಆಧಾರ್ ತಿಂದರೆ ನಗೋಣ, ಆಮೆ ಗೋಡೆ ಗುದ್ದಿದರೆ?

ನಮ್ಮಂಥ ಸ್ಟ್ರಿಂಗರ್‌ಗಳ ವಾಟ್ಸಾಪ್‌ಗೆ ಸುದ್ದಿಗಿಂತ ಹೆಚ್ಚಾಗಿ ಬರುವುದು ಪ್ರಾಣಿಗಳ ವಿಡಿಯೊ. "ಸಾರ್, ನಮ್ ಮೇಕೆ ಆಧಾರ್ ಕಾರ್ಡ್ ತಿಂದ್ಬಿಡ್ತು, ನ್ಯೂಸ್ ಹಾಕಿ." "ಅಣ್ಣಾ, ನಮ್ಮನೆ ಗಿಣಿ ಗ್ಯಾಸ್ ಗಾಡಿ ಥರಾನೇ ಕೂಗ್ತದೆ, ಕೇಳಿ ನೋಡಿ." ಗ್ರಾಮಸಭೆಯ ವರದಿ ಕಳಿಸಿದರೆ ಜಾಗ ಇಲ್ಲ ಅನ್ನುವ ಡೆಸ್ಕಿನವರು ಇಂಥ ವಿಡಿಯೊ ಹೋದರೆ ಐದೇ ನಿಮಿಷದಲ್ಲಿ ಹಾಕುತ್ತಾರೆ. ನೋಡುವವರೂ ಅಷ್ಟೇ. ನಾವೂ ನಗುತ್ತೇವೆ, ಸುಳ್ಳು ಯಾಕೆ.

ಆದರೆ ಎಲ್ಲಾ ವಿಡಿಯೊ ನೋಡಿ ಒಂದೇ ಥರ ನಗುವುದು ಸರಿಯಲ್ಲ ಅನ್ನುವುದು ನಮ್ಮ ಅಭಿಪ್ರಾಯ.

ಮೊದಲು ಧಾರಾಳವಾಗಿ ನಗಬಹುದಾದವನ್ನು ನೋಡೋಣ. ಮೇಕೆಗೆ ಕೈ ಇಲ್ಲ. ಹೊಸದೇನಾದರೂ ಕಂಡರೆ ಅದು ಏನು ಅಂತ ತಿಳಿಯುವುದಕ್ಕೆ ಬಾಯಿಯೇ ಹಾಕಬೇಕು. ಮಗು ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟುಕೊಂಡ ಹಾಗೆ. ಆ ಮೇಲ್ದುಟಿ ನೋಡಿ, ಬೆರಳಿನ ಹಾಗೆ ಆಡುತ್ತದೆ. ಹಗ್ಗದ ಮೇಲಿನ ಸೀರೆ ಸೆರಗು, ಗೋಡೆಗೆ ಅಂಟಿಸಿದ ಎಲೆಕ್ಷನ್ ಪೋಸ್ಟರ್, ಜಗಲಿ ಮೇಲಿಟ್ಟ ಪಾಸ್‌ಬುಕ್ಕು ಎಲ್ಲಾ ಒಂದು ಸಲ ಪರೀಕ್ಷೆ ಆಗಲೇಬೇಕು. ಕಾಗದವಾದರೆ ಹೇಗೋ ಅರಗುತ್ತದೆ. ಪ್ಲಾಸ್ಟಿಕ್ ಕವರ್ ಹೊಟ್ಟೆಗೆ ಹೋದರೆ ಮಾತ್ರ ನಗುವ ವಿಷಯ ಅಲ್ಲ.

ಕೋಳಿಯದು ಇನ್ನೊಂದು ಕತೆ. ಮಂಕರಿಯಲ್ಲಿ ಹುಲ್ಲು ಹಾಸಿ ಜಾಗ ಮಾಡಿಕೊಟ್ಟರೆ ಅಲ್ಲಿ ಮೊಟ್ಟೆ ಇಡುವುದಿಲ್ಲ. ಒಗೆಯುವ ಬಟ್ಟೆ ರಾಶಿಯ ಮೇಲೆ, ಅಟ್ಟದಲ್ಲಿಟ್ಟ ಹಳೇ ಟಿವಿಯ ಹಿಂದೆ, ಕೆಲವು ಸಲ ಪಕ್ಕದ ಮನೆಯಲ್ಲಿ ಇಟ್ಟು ಬಂದು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತದೆ. ನಮ್ಮ ಹೆಂಗಸರು ಮೊಟ್ಟೆ ತೆಗೆಯುವಾಗ ಒಂದನ್ನು ಅಲ್ಲೇ ಬಿಡುತ್ತಾರಲ್ಲ, ಅದು ಸುಮ್ಮನೆ ಮಾಡಿದ್ದಲ್ಲ. ಮೊಟ್ಟೆ ಕಂಡ ಕಡೆಯೇ ಮತ್ತೆ ಇಡುವುದು ಕೋಳಿಯ ಬುದ್ಧಿ. ಇನ್ನು ಕಾವಿಗೆ ಕೂತ ಕೋಳಿ 21 ದಿನ ಮನೆಯ ಯಜಮಾನಿಯನ್ನೇ ಹತ್ತಿರ ಸೇರಿಸುವುದಿಲ್ಲ, ಕುಕ್ಕಿ ಓಡಿಸುತ್ತದೆ.

ಬೆಕ್ಕಿನ ಬಗ್ಗೆ ಹೇಳುವುದೇ ಬೇಡ. ಹಾಲು ಕುಡಿಯುವುದು ನಿಮ್ಮ ಮನೆಯಲ್ಲಿ, ಮರಿ ಹಾಕುವುದು ಎದುರು ಮನೆಯ ಅಕ್ಕಿ ಮೂಟೆಯ ಹಿಂದೆ. ಬೆಳಗ್ಗೆ ಎದ್ದರೆ ಹೊಸಿಲ ಮೇಲೆ ಅರ್ಧ ಇಲಿ. ನಾಯಿ ಹತ್ತು ವರ್ಷದಿಂದ ಅದೇ ಹಾಲಿನ ವ್ಯಾನ್ ಅಟ್ಟಿಸಿಕೊಂಡು ಹೋಗುತ್ತಿದೆ, ಒಂದು ದಿನವೂ ಹಿಡಿದಿಲ್ಲ, ಬೇಜಾರೂ ಮಾಡಿಕೊಂಡಿಲ್ಲ.

ಇವೆಲ್ಲ ತಲೆನೋವೇ. ಆದರೆ ಇವುಗಳಿಗೆ ಬಾಗಿಲು ತೆರೆದಿರುತ್ತದೆ. ಬೆಕ್ಕು ಬೇಕಾದರೆ ನಾಳೆಯೇ ಮನೆ ಬದಲಾಯಿಸಬಹುದು, ಬದಲಾಯಿಸಿಯೂ ಇರುತ್ತದೆ. ಕೋಳಿ ಸಂಜೆಗೆ ತಾನಾಗಿ ಮನೆಗೆ ಬರುತ್ತದೆ. ಸಾವಿರಾರು ವರ್ಷದಿಂದ ನಮ್ಮ ಜೊತೆ ಇದ್ದು ಇವಕ್ಕೆ ಮನುಷ್ಯರ ಚಾಳಿ ಗೊತ್ತು, ನಮಗೂ ಇವುಗಳ ಚಾಳಿ ಗೊತ್ತು.

ಹಾವು, ಆಮೆ, ಹಲ್ಲಿಯಂಥ ಸರೀಸೃಪ ಸಾಕುವುದು ಸಿಟಿಯವರ ಶೋಕಿ ಅಂತ ನಾವು ಅಂದುಕೊಂಡಿದ್ದೇವೆ. ನಮ್ಮ ಪ್ರತಿ ಮನೆಯಲ್ಲೂ ಒಂದಿದೆ. ಟ್ಯೂಬ್‌ಲೈಟಿನ ಹಿಂದಿನ ಹಲ್ಲಿ. ಬಾಡಿಗೆ ಇಲ್ಲ, ಊಟದ ಖರ್ಚಿಲ್ಲ. ದೀಪಕ್ಕೆ ಬರುವ ಹುಳ ತಿಂದುಕೊಂಡು ಇರುತ್ತದೆ. ಹೆಣ್ಣು ನೋಡುವ ಮಾತುಕತೆ ನಡೆಯುವಾಗ ಸರಿಯಾಗಿ ಲೊಚಗುಟ್ಟುತ್ತದೆ. ಅಜ್ಜಿ ಬೆರಳಿನಿಂದ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಾರೆ. ಗಂಡಿನ ಕಡೆಯವರು ಅದನ್ನು ಶುಭ ಅನ್ನುತ್ತಾರೆ, ಹೆಣ್ಣಿನ ಕಡೆಯವರು ಯಾವ ದಿಕ್ಕಿನಿಂದ ನುಡಿಯಿತು ಅಂತ ಕೇಳುತ್ತಾರೆ. ಹಲ್ಲಿ ಅಷ್ಟು ಹೊತ್ತೂ ಇನ್ನೊಂದು ಹಲ್ಲಿಗೆ "ಇದು ನನ್ನ ಗೋಡೆ, ಆಚೆ ಹೋಗು" ಅಂತ ಹೇಳುತ್ತಿರುತ್ತದೆ. ಕಸಬರಿಗೆ ಬೀಸಿದರೆ ಬಾಲ ಬಿಟ್ಟು ಓಡುತ್ತದೆ. ಕುಣಿಯುವ ಬಾಲ ನೋಡಿಕೊಂಡು ನಾವು ನಿಂತಿರುವಾಗ ಹಲ್ಲಿ ಪಾರು. ಬಾಲ ಮತ್ತೆ ಬೆಳೆಯುತ್ತದೆ, ಒಳಗೆ ಮೊದಲಿನಂತೆ ಮೂಳೆ ಇರುವುದಿಲ್ಲ ಅಷ್ಟೆ. ಒಂದು ಮಾತು ಇಲ್ಲೇ ಹೇಳಿಬಿಡೋಣ. ಹಲ್ಲಿಯಲ್ಲಿ ವಿಷ ಇಲ್ಲ. ಆದರೆ ಅದರ ಮೈಮೇಲೆ, ಹಿಕ್ಕೆಯಲ್ಲಿ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು. ಹಲ್ಲಿ ಬಿದ್ದ ಹಾಲು ಚೆಲ್ಲುವುದು ಒಳ್ಳೆಯದೇ.

ಬೇಲಿ ಮೇಲಿನ ಓತಿಕ್ಯಾತನ ಪಾಡು ಮಾತ್ರ ಕಷ್ಟ. ಅದು ತಲೆ ಆಡಿಸುತ್ತಾ ದಂಡ ಹೊಡೆಯುವುದು ತನ್ನ ಜಾಗ ಕಾಯುವುದಕ್ಕೆ, ಹೆಣ್ಣನ್ನು ಕರೆಯುವುದಕ್ಕೆ. ಆ ಕಾಲದಲ್ಲಿ ಗಂಡಿನ ಕುತ್ತಿಗೆ ಕೆಂಪಾಗುತ್ತದೆ. ನಮ್ಮ ಹುಡುಗರಿಗೆ ಅದು ತಮ್ಮನ್ನೇ ಅಣಕಿಸಿದ ಹಾಗೆ ಕಂಡು ಕಲ್ಲು ಬೀಳುತ್ತದೆ. ತೇಜಸ್ವಿಯವರ 'ಕರ್ವಾಲೋ' ಓದಿದವರಿಗೆ ನೆನಪಿರಬಹುದು, ಅಷ್ಟು ದಿನ ಕಾಡು ಸುತ್ತಿ ಹುಡುಕಿದ ಹಾರುವ ಓತಿ ಕೊನೆಗೆ ಯಾರ ಕೈಗೂ ಸಿಗದೆ ಹಾರಿಹೋಗುತ್ತದೆ. ಆ ಪುಸ್ತಕ ನಮ್ಮ ಹೈಸ್ಕೂಲುಗಳಲ್ಲಿ ಓದಿಸಿದರೆ ಕಲ್ಲು ಸ್ವಲ್ಪ ಕಡಿಮೆಯಾದೀತು.

ಈಗ ನಗು ಬಾರದ ವಿಡಿಯೊಗಳಿಗೆ ಬರೋಣ.

ಕೋಲಾರ, ಚಿಕ್ಕಬಳ್ಳಾಪುರದಿಂದ ಆಂಧ್ರದ ಗಡಿಯ ತನಕ ಇರುವ ನಮ್ಮ ಕುರುಚಲು ಕಾಡು, ಬೀಳು ಹೊಲಗಳಲ್ಲಿ ನಕ್ಷತ್ರ ಆಮೆ ಸಿಗುತ್ತದೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರ. ಉಳುವಾಗ ಸಿಕ್ಕಿತು, ಮನೆಗೆ ತಂದೆವು, ಬಂದ ಮೇಲೆ ಕೈಯಲ್ಲಿ ನಾಲ್ಕು ಕಾಸು ಓಡಾಡಿತು ಅನ್ನುವ ಮನೆಗಳನ್ನು ನಾವು ನೋಡಿದ್ದೇವೆ. ಒಂದು ಮನೆಯವರು ಕಳಿಸಿದ ವಿಡಿಯೊದಲ್ಲಿ ಆಮೆ ಗೋಡೆಗುಂಟ ನಡೆದು ಮೂಲೆಗೆ ಹೋಗಿ ಗುದ್ದುತ್ತದೆ, ತಿರುಗುತ್ತದೆ, ಮತ್ತೆ ನಡೆದು ಮತ್ತೊಂದು ಮೂಲೆಗೆ ಗುದ್ದುತ್ತದೆ. ಹಿಂದೆ ಸಿನಿಮಾ ಹಾಡು ಬೇರೆ ಹಾಕಿದ್ದಾರೆ. "ವಾಕಿಂಗ್ ಮಾಡ್ತದೆ ಸಾರ್, ದಿನಾ ಇಷ್ಟೊತ್ತಿಗೆ!"

ಅದು ವಾಕಿಂಗ್ ಅಲ್ಲ. ದಾರಿ ಹುಡುಕುತ್ತಿದೆ. ಬಯಲಲ್ಲಿ ಹುಟ್ಟಿದ ಆಮೆಗೆ ಗೋಡೆ ಅಂದರೇನೆಂದು ಗೊತ್ತಿಲ್ಲ. ಇಲ್ಲೆಲ್ಲೋ ಸಂದಿ ಇರಬೇಕು ಅಂತ ನಂಬಿ ಸುತ್ತುತ್ತದೆ. ಮಳೆಗಾಲ ಬಂದರೆ ಈ ಸುತ್ತಾಟ ಹೆಚ್ಚಾಗುತ್ತದೆ, ಯಾಕೆಂದರೆ ಹೊರಗೆ ಹುಲ್ಲು ಚಿಗುರಿ ಜೋಡಿ ಹುಡುಕುವ ಕಾಲ ಅದು. ಎತ್ತಿಕೊಂಡರೆ "ಬುಸ್" ಅನ್ನುತ್ತದೆ, ಮಕ್ಕಳು ಕೈತಟ್ಟುತ್ತಾರೆ. ಹೆದರಿ ತಲೆ ಒಳಗೆ ಎಳೆದುಕೊಂಡಾಗ ಶ್ವಾಸಕೋಶದ ಗಾಳಿ ಹೊರಗೆ ಬರುವ ಸದ್ದು ಅದು. ಉಚ್ಚೆ ಹೊಯ್ಯುವುದೂ ಗಾಬರಿಗೇ. ಚಿಪ್ಪಿನ ಮೇಲೆ ಅರಿಶಿನ ಕುಂಕುಮ, ಕೆಲವರು ಆಯಿಲ್ ಪೇಂಟ್ ಹಚ್ಚುತ್ತಾರೆ. ಚಿಪ್ಪು ಅಂದರೆ ಮೇಲೆ ಹೊದ್ದ ಡಬ್ಬಿ ಅಲ್ಲ, ಅದರ ಬೆನ್ನುಮೂಳೆ, ಪಕ್ಕೆಲುಬು ಸೇರಿ ಆದದ್ದು. ಮುಟ್ಟಿದರೆ ಗೊತ್ತಾಗುತ್ತದೆ. ಹುಲ್ಲು ಸೊಪ್ಪು ತಿನ್ನಬೇಕಾದ್ದಕ್ಕೆ ಅನ್ನ, ಹಾಲು, ಬಿಸ್ಕತ್ತು ಕೊಟ್ಟು ಬಿಸಿಲು ಕಾಣದ ಹಾಗೆ ಮಂಚದ ಕೆಳಗೆ ಇಟ್ಟರೆ ಆ ಚಿಪ್ಪು ವಕ್ರವಾಗುತ್ತದೆ, ಮೆತ್ತಗಾಗುತ್ತದೆ. ದಶಕಗಟ್ಟಲೆ ಬದುಕುವ ಜೀವ ಅದು, ಹಾಗೇ ನರಳಿಕೊಂಡು ಇರುತ್ತದೆ. ನಾಯಿಯ ಹಾಗೆ ಕುಂಯ್ ಅನ್ನುವುದಿಲ್ಲ. ಅದಕ್ಕೇ ನಮಗೆ ಗೊತ್ತಾಗುವುದೂ ಇಲ್ಲ.

ಗಿಣಿಯದೂ ಇಂಥದೇ ಪಾಡು. ಗಿಣಿ ಗುಂಪಿನ ಹಕ್ಕಿ. ಕಾಡಲ್ಲಾದರೆ ಬೆಳಗ್ಗೆ ಸಂಜೆ ಗುಂಪಿನವರನ್ನು ಕರೆಯುತ್ತದೆ, ಗುಂಪಿನ ಸದ್ದು ಕಲಿಯುತ್ತದೆ. ಪಂಜರದಲ್ಲಿ ಗುಂಪು ಅಂದರೆ ನಾವೇ. ಅದಕ್ಕೇ ಗ್ಯಾಸ್ ಗಾಡಿ, ಮೊಬೈಲ್ ರಿಂಗು, ಮನೆ ಯಜಮಾನರ ಬೈಗುಳ ಎಲ್ಲಾ ಕಲಿಯುತ್ತದೆ. (ಯಜಮಾನರ ಬೈಗುಳವನ್ನು ಬೀಗರ ಮುಂದೆ ಒಪ್ಪಿಸಿದ ಗಿಣಿಯ ವಿಡಿಯೊ ನಮ್ಮ ಹತ್ತಿರ ಇದೆ, ಹಾಕುವ ಹಾಗಿಲ್ಲ.) ಹಸಿಮೆಣಸಿನಕಾಯಿ ಕಚಕಚ ತಿಂದರೆ ಅದೇನು ಶೌರ್ಯ ಅಲ್ಲ, ಹಕ್ಕಿಗಳಿಗೆ ಮೆಣಸಿನ ಖಾರ ತಟ್ಟುವುದೇ ಇಲ್ಲ. ಆದರೆ ಸಂಜೆ ಐದೂವರೆಗೆ ಅದು ಕಿವಿ ಹರಿಯುವ ಹಾಗೆ ಕಿರುಚುತ್ತದಲ್ಲ, "ಸುಮ್ನಿರು" ಅಂತ ಪಂಜರದ ಮೇಲೆ ಟವೆಲ್ ಹಾಕುತ್ತೇವಲ್ಲ, ಆ ಹೊತ್ತಿಗೆ ಮನೆ ಮೇಲೆ ಗಿಣಿಗಳ ಹಿಂಡು ಗೂಡಿಗೆ ಹೋಗುತ್ತಿರುತ್ತದೆ. ಒಂದು ಸಲ ತಲೆ ಎತ್ತಿ ನೋಡಿ. ತನ್ನ ಪುಕ್ಕ ತಾನೇ ಕಿತ್ತುಕೊಳ್ಳುವ ಗಿಣಿಗೆ ಬರೀ ಸೆಖೆ ಅಂದುಕೊಳ್ಳಬೇಡಿ. ಒಂಟಿತನಕ್ಕೂ ಹಾಗೆ ಮಾಡುತ್ತವೆ.

ಇನ್ನು ಎರಡು ತಲೆ ಹಾವು. ಕೆಲವು ಕಡೆ ಮಣ್ಣುಮುಕ್ಕ ಅನ್ನುತ್ತಾರೆ. ಇದಕ್ಕೆ ಇರುವುದು ಒಂದೇ ತಲೆ. ಮೊಂಡು ಬಾಲ, ಗಾಬರಿಯಾದರೆ ಸುರುಳಿಯೊಳಗೆ ತಲೆ ಬಚ್ಚಿಟ್ಟು ಬಾಲ ಎತ್ತಿ ತೋರಿಸುತ್ತದೆ. ಹೊಡೆಯುವವನು ಬಾಲಕ್ಕೆ ಹೊಡೆಯಲಿ, ತಲೆ ಉಳಿಯಲಿ ಅಂತ. ನಿಜಕ್ಕೂ ತಮಾಷೆಯ ಬುದ್ಧಿವಂತಿಕೆ. ಈ ಒಂದು ಚಾಳಿಯೇ ಅದಕ್ಕೆ ಮುಳುವಾಗಿದೆ. ಇಷ್ಟು ಕೆಜಿ ತೂಕ ಇದ್ದರೆ ಕೋಟಿ ರೂಪಾಯಿ, ಮನೆಯಲ್ಲಿದ್ದರೆ ನಿಧಿ ಅಂತ ಕತೆ ಕಟ್ಟಿ ಮಾರುವವರಿದ್ದಾರೆ. ಎರಡನೇ ತಲೆ ನಿಜ ಅನ್ನಿಸಲಿ ಅಂತ ಬಾಲವನ್ನು ಕುಯ್ದು ಬಾಯಿ ಮಾಡುವವರೂ ಇದ್ದಾರೆ. ವಿಷವಿಲ್ಲದ, ಹೊಲದ ಇಲಿ ತಿನ್ನುವ ಬಡಪಾಯಿ ಹಾವು. ನಾವು ಬರೆದ ಇಂಥ ಪ್ರಕರಣಗಳಲ್ಲಿ ಫೋಟೊದಲ್ಲಿ ತಲೆ ತಗ್ಗಿಸಿ ನಿಂತವರು ದೊಡ್ಡ ಕುಳಗಳಲ್ಲ. ಬೈಕಿನಲ್ಲಿ ಚೀಲ ಹೊತ್ತ ನಮ್ಮೂರ ಕಡೆಯ ಹುಡುಗರು. ಕೋಟಿ ಕೊಡುತ್ತೇನೆ ಅಂದವನು ಯಾವತ್ತೂ ಫೋಟೊದಲ್ಲಿ ಇರುವುದಿಲ್ಲ.

ಈ ಮೂರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಸಾಕುವುದೂ ತಪ್ಪು, ಮಾರುವುದೂ ತಪ್ಪು. 2022ರ ತಿದ್ದುಪಡಿಯ ನಂತರ ನಕ್ಷತ್ರ ಆಮೆ ಮೊದಲ ಅನುಸೂಚಿಯಲ್ಲಿದೆ, ಅಂದರೆ ಹುಲಿಯ ಪಟ್ಟಿಯಲ್ಲೇ. ಶಿಕ್ಷೆ 3ರಿಂದ 7 ವರ್ಷ ಜೈಲು, ಜೊತೆಗೆ ದಂಡ. 2023ರ ಅಕ್ಟೋಬರ್‌ನಲ್ಲಿ ಬಿಗ್ ಬಾಸ್ ಸ್ಪರ್ಧಿಯೊಬ್ಬರು ಹುಲಿ ಉಗುರಿನ ಕೇಸಲ್ಲಿ ಒಳಗೆ ಹೋದಾಗ ನಮ್ಮ ಊರುಗಳಲ್ಲಿ ಎಷ್ಟು ಲಾಕೆಟ್ಟು ಕತ್ತಿನಿಂದ ಇಳಿದವು ಅಂತ ನೆನಪಿದೆಯಲ್ಲ? ಅದೇ ಕಾನೂನು ಇದು. ಲಾಕೆಟ್ ಇಳಿಸಿದ ಮನೆಯಲ್ಲೇ ಮಂಚದ ಕೆಳಗೆ ಆಮೆ ಇತ್ತು, ಅದನ್ನು ಯಾರೂ ಯೋಚಿಸಲಿಲ್ಲ. (ಆಸ್ಟ್ರೇಲಿಯಾ ಮೂಲದ ಬಜ್ರಿಗರ್ ಹಕ್ಕಿ ಸಾಕಿದವರು ಗಾಬರಿ ಬೀಳಬೇಡಿ, ಅದು ಬೇರೆ.)

ಈ ಆಮೆಗಳು ಎಲ್ಲಿಯ ತನಕ ಹೋಗುತ್ತವೆ ಗೊತ್ತೆ? 2018ರ ನವೆಂಬರ್‌ನಲ್ಲಿ ಸಿಂಗಾಪುರದಿಂದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ವಾಪಸು ತಂದರು. ನಮ್ಮ ಹೊಲದ ಬದುವಿನಲ್ಲಿ ಸಿಗುವ ಜೀವ, ನಮಗಿಂತ ಮೊದಲು ಫಾರಿನ್ ನೋಡಿ ಬಂತು.

ಅರಣ್ಯ ಇಲಾಖೆಗೂ ಒಂದು ಮಾತು. ನಮ್ಮ ಜನ ಆಮೆ, ಗಿಣಿ ಇಟ್ಟುಕೊಂಡಿರುವುದು ಬಹಳ ಸಲ ದುರಾಸೆಗಲ್ಲ, ಪ್ರೀತಿಗೆ, ನಂಬಿಕೆಗೆ. ತಂದು ಒಪ್ಪಿಸಿದರೆ ಕೇಸ್ ಹಾಕುತ್ತಾರೆ ಅನ್ನುವ ಭಯಕ್ಕೆ ರಾತ್ರೋರಾತ್ರಿ ಕೆರೆಗೆ ಎಸೆದು ಬರುತ್ತಾರೆ. ನಕ್ಷತ್ರ ಆಮೆ ನೆಲದ ಆಮೆ, ಕೆರೆಗೆ ಎಸೆದರೆ ಮುಳುಗಿ ಸಾಯುತ್ತದೆ. ಗ್ರಾಮಸಭೆಗೆ ಬಂದು, ಇಷ್ಟು ದಿನದೊಳಗೆ ತಂದುಕೊಡಿ, ತೊಂದರೆ ಕೊಡುವುದಿಲ್ಲ ಅಂತ ಮೈಕಿನಲ್ಲಿ ಹೇಳುವುದಕ್ಕೆ ಇಲಾಖೆ ಮುಂದಾಗಬೇಕು. ಆಟೊಗೆ ಮೈಕ್ ಕಟ್ಟಿ ಊರೂರು ಸುತ್ತುವುದು ನಮ್ಮಲ್ಲಿ ಯಾರಿಗೂ ಹೊಸದಲ್ಲ.

ಸಿಟಿ ಅಕ್ವೇರಿಯಂ ಅಂಗಡಿಯಿಂದ ಕೆನ್ನೆ ಮೇಲೆ ಕೆಂಪು ಪಟ್ಟಿಯ ಪುಟಾಣಿ ನೀರಾಮೆ ತಂದವರಿಗೂ ಒಂದು ಕಿವಿಮಾತು. ಅದು ಅಮೆರಿಕದ್ದು. ನಿಮ್ಮನ್ನು ಕಂಡ ಕೂಡಲೇ ಗಾಜಿಗೆ ಬಂದು ಕಾಲು ಬಡಿಯುವುದು ಪ್ರೀತಿಗಿಂತ ಹೆಚ್ಚಾಗಿ ಊಟಕ್ಕೆ. ನಾಣ್ಯದಷ್ಟಿದ್ದದ್ದು ಬೆಳೆದು ಹತ್ತಿರ ಹತ್ತಿರ ಒಂದಡಿ ಆಗುತ್ತದೆ, ತೊಟ್ಟಿ ನಾರುತ್ತದೆ, ಆಗ ಕೆರೆಗೆ ಬಿಡೋಣ ಅನ್ನಿಸುತ್ತದೆ. ಬಿಡಬೇಡಿ. ನಮ್ಮ ಕೆರೆಯ ಆಮೆಗಳ ಊಟ, ಜಾಗ ಎರಡನ್ನೂ ಅದು ಕಿತ್ತುಕೊಳ್ಳುತ್ತದೆ.

ಗಿಣಿಯನ್ನೂ ಏಕಾಏಕಿ ಪಂಜರ ತೆಗೆದು ಹಾರಿಸಬೇಡಿ. ವರ್ಷಗಟ್ಟಲೆ ರೆಕ್ಕೆ ಆಡಿಸದ ಹಕ್ಕಿ ಹಂಚಿನ ಮೇಲೆ ಕೂರುವಷ್ಟರಲ್ಲಿ ಕಾಗೆ, ಬೆಕ್ಕಿನ ಪಾಲಾಗುತ್ತದೆ. ಹತ್ತಿರದ ವಲಯ ಅರಣ್ಯ ಕಚೇರಿಗೆ ಮುಟ್ಟಿಸಿ. ಒಬ್ಬರೇ ಹೋಗಲು ಅಳುಕಾದರೆ ಪಂಚಾಯಿತಿ ಸದಸ್ಯರನ್ನೋ ಸ್ಕೂಲ್ ಮೇಷ್ಟ್ರನ್ನೋ ಜೊತೆಗೆ ಕರೆದುಕೊಂಡು ಹೋಗಿ, ಎಲ್ಲಿ ಸಿಕ್ಕಿತು, ಎಷ್ಟು ದಿನ ಇತ್ತು ಅಂತ ಒಂದು ಹಾಳೆಯಲ್ಲಿ ಬರೆದುಕೊಟ್ಟು ಅದರ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಆಮೆಯಾದರೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಒಣಹುಲ್ಲು ಹಾಸಿ ಬೆಳಗಿನ ಹೊತ್ತು ತಣ್ಣಗಿರುವಾಗಲೇ ಹೊರಡಿ, ದಾರಿಯಲ್ಲಿ ಅನ್ನ ಹಾಲು ಕೊಡಬೇಡಿ. ಎತ್ತಿಕೊಳ್ಳುವಾಗ ಉಚ್ಚೆ ಹೊಯ್ಯುವುದಂತೂ ಖಂಡಿತ ಅಂದುಕೊಳ್ಳಿ, ಆಫೀಸಿಗೆ ಹೋಗುತ್ತಿದ್ದೀವಿ ಅಂತ ಬಿಳಿ ಪಂಚೆ ಉಟ್ಟು ಹೋಗಬೇಡಿ.