‘ನಿಮ್ಹಾನ್ಸ್ ಕೇಸು’

ಯಾರಾದ್ರೂ ಒಬ್ಬನೇ ನಗ್ತಿದ್ರೆ ‘ಇವನು ನಿಮ್ಹಾನ್ಸ್ ಕೇಸು ಕಣೋ’ ಅನ್ನೋದು ನಮ್ಮ ಹಾಸ್ಟೆಲುಗಳಲ್ಲಿ ಮಾಮೂಲು. (ಪಾರ್ಶ್ವವಾಯು, ಮೂರ್ಛೆರೋಗ ಇರೋರೂ ಅಲ್ಲಿಗೇ ಹೋಗ್ತಾರೆ ಅನ್ನೋದು ಎಷ್ಟು ಜನಕ್ಕೆ ಗೊತ್ತೋ!) ಎಲ್ರೂ ನಗ್ತಾರೆ. ಆ ಗುಂಪಿನಲ್ಲೇ ನಗ್ತಾ ಕೂತವನೊಬ್ಬ ತನ್ನ ಮಾತ್ರೆಗಳನ್ನು ವಿಟಮಿನ್ ಡಬ್ಬಿಯಲ್ಲಿ ಬಚ್ಚಿಟ್ಟಿರಬಹುದು.

ಡೆಂಗ್ಯೂ ಬಂದ್ರೆ ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟು ರಾಜಾರೋಷವಾಗಿ ಅಟೆಂಡೆನ್ಸ್ ಕೇಳ್ತೀವಿ. ಖಿನ್ನತೆಯಿಂದ ಮೂರು ವಾರ ಹಾಸಿಗೆ ಬಿಟ್ಟು ಏಳಲಾಗದವನು ಮಾತ್ರ ‘ಜ್ವರ ಇತ್ತು ಸರ್’ ಅಂತ ಸುಳ್ಳು ಹೇಳಬೇಕು. ನಿಜ ಹೇಳಿದ್ರೆ ಪ್ಲೇಸ್‌ಮೆಂಟಿನಿಂದ ಮದುವೆ ಮಾತುಕತೆ ತನಕ ಅದೇ ಹಣೆಪಟ್ಟಿ ಅನ್ನೋ ಭಯ. ಎಷ್ಟೋ ಮನೆಗಳಲ್ಲಿ ಮೊದಲು ತಾಯತ, ಡಾಕ್ಟರ ಸರದಿ ಆಮೇಲೆ.

ಕಾನೂನು ನಮಗಿಂತ ಮುಂದಿದೆ. ಆರೋಗ್ಯ ವಿಮೆಯಲ್ಲಿ ಮನಸ್ಸಿನ ಕಾಯಿಲೆಯನ್ನೂ ದೇಹದ ಕಾಯಿಲೆಯಂತೆಯೇ ಕಾಣಬೇಕು, ಚಿಕಿತ್ಸೆಯ ವಿವರ ಗೌಪ್ಯವಾಗಿಡಬೇಕು ಅನ್ನುತ್ತೆ 2017ರ ಮಾನಸಿಕ ಆರೋಗ್ಯ ಕಾಯ್ದೆ. 14416ಕ್ಕೆ ಫೋನ್ ಮಾಡಿದ್ರೆ ಸರ್ಕಾರದ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡ್ತಾರೆ, ಹಗಲೂ ರಾತ್ರಿಯೂ, ಒಂದು ರೂಪಾಯಿ ಖರ್ಚಿಲ್ಲದೆ. ಆದ್ರೆ ಪಕ್ಕದ ಮಂಚದವನು ಕೇಳಿಸಿಕೊಂಡು ನಾಳೆ ಮೆಸ್ಸಲ್ಲಿ ಆಡಿಕೊಳ್ತಾನೆ ಅಂತಿದ್ರೆ ಯಾರು ತಾನೇ ಫೋನ್ ಎತ್ತುತ್ತಾರೆ?